ಗೈಡ್ ಮುಚ್ಚಿಟ್ಟು ಬರೆಯಿರಿ

ಆರು, ಏಳು, ಎಂಟನೇ ತರಗತಿಯ ಮಕ್ಕಳೇ, ಪ್ರಬಂಧ ಅಂದಕೂಡಲೇ ಗೈಡ್ ತೆರೆದು ಬಾಯಿಪಾಠಕ್ಕೆ ಕೂರಬೇಡಿ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಇರಲೇಬೇಕು, ಸರಿ. ಆದರೆ ಅವುಗಳೊಳಗೆ ತುಂಬುವುದು ನೀವು ಕಂಡದ್ದು, ಕೇಳಿದ್ದು ಆಗಿರಲಿ.

‘ನಮ್ಮೂರು’ ಎಂಬ ವಿಷಯ ಬಂದರೆ ಕಲಬುರಗಿ ಜಿಲ್ಲೆಯ ಕಮಲಾಪುರದ ಮಕ್ಕಳು ‘ನಮ್ಮೂರು ಬಹಳ ಸುಂದರ’ ಎಂದು ಶುರು ಮಾಡಬೇಕಿಲ್ಲ. ನಿಮ್ಮೂರಿನ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಬೇರೆ ಬಾಳೆಗಿಂತ ಅದಕ್ಕೆ ಫಲ ಕೊಡಲು ಹೆಚ್ಚು ತಿಂಗಳು ಬೇಕು. ತೋಟದ ಕಾಕಾನನ್ನು ಕೇಳಿ: ಯಾವಾಗ ಹಚ್ಚಿದಿರಿ, ಗೊನೆ ಯಾವಾಗ ಬಂತು, ಎಷ್ಟಕ್ಕೆ ಮಾರಿದಿರಿ? ಮೂರು ಉತ್ತರಗಳಿಂದ ಮೂರು ಪ್ಯಾರಾ ಹುಟ್ಟುತ್ತವೆ.

ಕಲಬುರಗಿಯವರು ಕೋಟೆಯೊಳಗಿನ 1367ರ ಜಾಮಿಯಾ ಮಸೀದಿಗೆ ಹೋಗಿ ನೋಡಿ. ಬಹಳಷ್ಟು ದೊಡ್ಡ ಮಸೀದಿಗಳಲ್ಲಿರುವ ತೆರೆದ ಅಂಗಳ ಅಲ್ಲಿಲ್ಲ, ಇಡೀ ಕಟ್ಟಡಕ್ಕೆ ಚಾವಣಿ ಇದೆ. ‘ಭವ್ಯ’, ‘ಅದ್ಭುತ’ ಎಂದು ಹತ್ತು ಸಲ ಬರೆಯುವುದಕ್ಕಿಂತ ಈ ಒಂದು ವಿವರ ಹೆಚ್ಚು ಹೇಳುತ್ತದೆ.

ಅಜ್ಜಿ ‘ಮಳಿ ಬರ್ಲಿಲ್ಲ, ತೊಗರಿ ಒಣಗ್ಯಾದ’ ಅಂದಿದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಗೆಯೇ ಬರೆಯಿರಿ, ನಾಚಬೇಡಿ. ಉಳಿದ ವಾಕ್ಯಗಳು ಪುಸ್ತಕದ ಕನ್ನಡದಲ್ಲಿರಲಿ. ಬರೆದಾದ ಮೇಲೆ ಗಟ್ಟಿಯಾಗಿ ಓದಿ; ಓದುತ್ತಾ ಉಸಿರು ಕಟ್ಟಿದರೆ ಆ ವಾಕ್ಯವನ್ನು ಎರಡಾಗಿ ಮಾಡಿ. ಅ-ಹ, ಒತ್ತಕ್ಷರ, ಮಹಾಪ್ರಾಣಗಳನ್ನು ಕೊನೆಗೆ ತಿದ್ದಿದರೆ ಸಾಕು.

ಗುರುಗಳಲ್ಲೂ ಒಂದು ಕೋರಿಕೆ: ಕಾಗುಣಿತದ ತಪ್ಪಿಗೆ ಕೆಂಪು ಗೆರೆ ಎಳೆಯುವ ಮೊದಲು, ಮಗು ತಾನೇ ಕಂಡು ಬರೆದ ಒಂದು ಸಾಲನ್ನು ಹುಡುಕಿ ತರಗತಿಯಲ್ಲಿ ಓದಿ ಹೇಳಿ.