ಒತ್ತಡ: ಹಗ್ಗದಲ್ಲಿ, ದೇಹದಲ್ಲಿ, ಶಾಲೆಯಲ್ಲಿ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ, ಹುಳಿಯಾರಿಗೆ ಸಮೀಪವಾಗಿ, ಕೆಂಕೆರೆ ಎಂಬ ಗ್ರಾಮವಿದೆ. ತಿಪಟೂರು, ತುರುವೇಕೆರೆಗಳಂತೆ ಇದೂ ತೆಂಗಿನ ಸೀಮೆಯೇ. ಇಲ್ಲಿನ ವಿದ್ಯಾರ್ಥಿಗಳಿಗೆ ತೆಂಗಿನ ನಾರಿನ ಪರಿಚಯವನ್ನು ಮಾಡಿಕೊಡಬೇಕಾದ ಅಗತ್ಯವಿಲ್ಲ. ನಾರಿನ ಒಂದು ಎಳೆಯನ್ನು ಎರಡು ಕೈಗಳಿಂದ ಹಿಡಿದು ಬಲವಾಗಿ ಜಗ್ಗಿದರೆ ಅದು ತುಂಡಾಗುವುದು. ಅಂತಹ ಎಳೆಗಳನ್ನೇ ಹೊಸೆದು ಮಾಡಿದ ಹಗ್ಗವಾದರೋ ಎತ್ತನ್ನು ಕಟ್ಟಿದರೂ, ಬಾವಿಯಿಂದ ತುಂಬಿದ ಕೊಡವನ್ನು ಸೇದಿದರೂ ಹರಿಯದು. ನಾರಿನ ಉದ್ದ ಒಂದು ಗೇಣಿನ ಆಸುಪಾಸು. ಹಗ್ಗದ ಉದ್ದ ಹತ್ತಾರು ಮಾರು. ನಡುವೆ ಅಂಟಿಲ್ಲ, ಎಳೆಗೆ ಎಳೆ ಸೇರಿಸಿದ ಗಂಟಿಲ್ಲ. ಹಾಗಾದರೆ ಈ ಗಿಡ್ಡ ಎಳೆಗಳು ಒಂದನ್ನೊಂದು ಬಿಡದಂತೆ ಹಿಡಿದಿರುವುದು ಹೇಗೆ?

ಇದು ಹಳೆಯ ಪ್ರಶ್ನೆ. ೧೬೩೮ರಲ್ಲಿ ಪ್ರಕಟವಾದ 'ಎರಡು ನೂತನ ವಿಜ್ಞಾನಗಳು' ಎಂಬ ಗ್ರಂಥದಲ್ಲಿ ಗೆಲಿಲಿಯೋ ಈ ಪ್ರಶ್ನೆಯನ್ನೇ ಎತ್ತಿಕೊಂಡು ಚರ್ಚಿಸಿದ್ದಾನೆ. ಅದರ ಉತ್ತರವನ್ನು ಮುಂದೆ ನೋಡೋಣ. ಈ ಪಾಠದಲ್ಲಿ ನಾವು ಹಗ್ಗದಿಂದ ಹೊರಟು ಶಾಲೆಯವರೆಗೆ ಹೋಗಬೇಕಾಗಿದೆ. ಅದಕ್ಕೆ ಕಾರಣವನ್ನು ಮೊದಲೇ ಹೇಳಿಬಿಡುತ್ತೇವೆ. ನಮ್ಮ ತರಗತಿಯಲ್ಲಿ ಪ್ರತಿವರ್ಷವೂ ಮೊದಲ ಕಿರುಪರೀಕ್ಷೆಯ ತರುವಾಯ ಕೆಲವು ವಿದ್ಯಾರ್ಥಿಗಳು ಹಿಂದಿನ ಬೆಂಚಿಗೆ ಸರಿಯುವುದನ್ನೂ, ಕ್ರಮೇಣ ತರಗತಿಗೆ ಬಾರದೆಯೇ ಹೋಗುವುದನ್ನೂ ನಾವು ಕಂಡಿದ್ದೇವೆ. ಅಂತಹವರನ್ನು ಕುರಿತು 'ಹುಡುಗ ಗಟ್ಟಿಯಲ್ಲ' ಎಂದು ಜನ ಒಂದೇ ಮಾತಿನಲ್ಲಿ ತೀರ್ಮಾನಿಸುವುದುಂಟು. ಭೌತವಿಜ್ಞಾನಿಯು ಯಾವ ವಸ್ತುವನ್ನು ಕುರಿತೂ ಅಷ್ಟು ಬೇಗನೆ ತೀರ್ಪು ಕೊಡುವುದಿಲ್ಲ. ಹೊರೆ ಎಷ್ಟು? ಅದು ಎಷ್ಟು ಅಗಲದ ಮೇಲೆ ಬಿದ್ದಿದೆ? ಎಷ್ಟು ಸಲ ಬಿದ್ದಿದೆ? ಪಕ್ಕದ ಆಸರೆ ಏನು? ಈ ನಾಲ್ಕು ಪ್ರಶ್ನೆಗಳನ್ನು ಆತ ಮೊದಲು ಕೇಳುವನು. ಇವೇ ಪ್ರಶ್ನೆಗಳನ್ನು ವಿದ್ಯಾರ್ಥಿಯ ವಿಷಯದಲ್ಲಿಯೂ, ಶಿಕ್ಷಕರ ವಿಷಯದಲ್ಲಿಯೂ, ಮನೆಯವರ ವಿಷಯದಲ್ಲಿಯೂ ಕೇಳಬೇಕೆಂಬುದೇ ನಮ್ಮ ಈ ಲೇಖನದ ತಾತ್ಪರ್ಯ.

ಹೊರೆ ಮತ್ತು ಅಗಲ

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ೨೦೧೯ರಲ್ಲಿ ಕರ್ನಾಟಕ ಸರ್ಕಾರವು ಶಾಲಾ ಚೀಲದ ತೂಕಕ್ಕೆ ಮಿತಿಯನ್ನು ಗೊತ್ತುಮಾಡಿ ಸುತ್ತೋಲೆಯೊಂದನ್ನು ಹೊರಡಿಸಿತು. ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಆ ಮಿತಿ ೪ರಿಂದ ೫ ಕಿಲೋಗ್ರಾಂ. ೫ ಕಿಲೋಗ್ರಾಂ ಚೀಲವನ್ನು ಭೂಮಿಯು ಸುಮಾರು ೪೯ ನ್ಯೂಟನ್ ಬಲದಿಂದ ಸೆಳೆಯುವುದು. ಎರಡು ಪಟ್ಟಿಗಳಿದ್ದರೆ ಒಂದೊಂದು ಭುಜಕ್ಕೆ ೨೪.೫ ನ್ಯೂಟನ್. ಪಟ್ಟಿಯು ೨ ಸೆಂಟಿಮೀಟರ್ ಅಗಲವಾಗಿದ್ದು ೧೦ ಸೆಂಟಿಮೀಟರ್ ಉದ್ದಕ್ಕೆ ಭುಜವನ್ನು ಮುಟ್ಟುತ್ತಿದ್ದರೆ, ಚದರ ಮೀಟರಿಗೆ ೧೨,೨೫೦ ನ್ಯೂಟನ್ ಒತ್ತಡವಾಗುವುದು. ಅದೇ ಪಟ್ಟಿಯ ಅಗಲವನ್ನು ೫ ಸೆಂಟಿಮೀಟರಿಗೆ ಹೆಚ್ಚಿಸಿದರೆ ಒತ್ತಡವು ೪,೯೦೦ಕ್ಕೆ ಇಳಿಯುವುದು. ಸಣ್ಣ ಪಟ್ಟಿಯ ಆ ಚೀಲವನ್ನು ಒಂದೇ ಭುಜಕ್ಕೆ ನೇತುಹಾಕಿಕೊಂಡರೆ ೨೪,೫೦೦ಕ್ಕೆ ಏರುವುದು. ಪುಸ್ತಕಗಳು ಅವೇ, ಹುಡುಗನೂ ಅವನೇ. ಬದಲಾದದ್ದು ಹೊರೆಯ ಹಂಚಿಕೆ ಮಾತ್ರ.

ತಂತಿಯೊಂದಕ್ಕೆ ತೂಕವನ್ನು ನೇತುಹಾಕಿದಾಗಲೂ ಲೆಕ್ಕ ಇದೇ. ಅಲ್ಲಿ ಅಡ್ಡಕೊಯ್ತದ ವಿಸ್ತೀರ್ಣದಿಂದ ಬಲವನ್ನು ಭಾಗಿಸಿ ಬಂದುದನ್ನು ಪೀಡನವೆಂದೂ, ಅದರಿಂದ ತಂತಿಯು ಹಿಗ್ಗಿದ ಪ್ರಮಾಣವನ್ನು ವಿಕೃತಿಯೆಂದೂ ಕರೆಯುವೆವು. ಒಂದು ಮಿತಿಯೊಳಗೆ ಇವೆರಡೂ ಅನುಪಾತದಲ್ಲಿ ಹೆಚ್ಚುವುವೆಂದೂ, ತೂಕವನ್ನು ತೆಗೆದರೆ ತಂತಿಯು ಮೊದಲಿನ ಸ್ಥಿತಿಗೆ ಬರುವುದೆಂದೂ ಪ್ರಯೋಗಾಲಯದಲ್ಲಿ ನೀವೇ ಕಂಡಿರಬಹುದು. ಇದು ೧೬೭೮ರಲ್ಲಿ ರಾಬರ್ಟ್ ಹುಕ್ ಪ್ರಕಟಿಸಿದ ನಿಯಮ. ಎಳೆತವೇ ಇಲ್ಲದ ವೀಣೆಯ ತಂತಿಯಿಂದ ನಾದ ಹೊರಡದೆಂಬುದನ್ನೂ ಇಲ್ಲಿ ನೆನೆಯಬೇಕು. ಪೀಡನವೆಲ್ಲವೂ ಕೇಡಲ್ಲ. ಮಿತಿಯನ್ನು ಮೀರಿದುದು ಮಾತ್ರ ಕೇಡು.

ದೇಹದಲ್ಲಿ ಆಗುವುದೇನು?

ಇಂಗ್ಲಿಷಿನಲ್ಲಿ ಪೀಡನಕ್ಕಿರುವ ಸ್ಟ್ರೆಸ್ ಎಂಬ ಮಾತನ್ನೇ ಜೀವವಿಜ್ಞಾನದಲ್ಲಿ ಬಳಕೆಗೆ ತಂದವರಲ್ಲಿ ಹಾನ್ಸ್ ಸೆಲ್ಯೆ ಪ್ರಮುಖರು. ನಾವು ಕನ್ನಡದಲ್ಲಿ ಅದನ್ನು ಮನಸ್ಸಿನ ಒತ್ತಡವೆಂದು ಹೇಳುವ ರೂಢಿಯಿದೆ. ಕೆನಡಾ ದೇಶದಲ್ಲಿ ಸಂಶೋಧನೆ ನಡೆಸುತ್ತಿದ್ದ ಸೆಲ್ಯೆ ೧೯೩೬ರಲ್ಲಿ 'ನೇಚರ್' ಪತ್ರಿಕೆಗೆ ಒಂದು ಕಿರುಲೇಖನವನ್ನು ಬರೆದರು. ಇಲಿಗಳಿಗೆ ತೀವ್ರವಾದ ಚಳಿ, ಗಾಯ, ಅತಿಶ್ರಮ ಇವುಗಳಲ್ಲಿ ಯಾವುದು ಒದಗಿದರೂ ದೇಹದೊಳಗೆ ಒಂದೇ ಬಗೆಯ ಬದಲಾವಣೆಗಳು ಕಾಣುವುವೆಂದು ಅವರು ತಿಳಿಸಿದರು. ಮೊದಲು ಎಚ್ಚರಿಕೆ, ಅನಂತರ ತಾಳಿಕೆ, ಹೊರೆ ಇಳಿಯದಿದ್ದರೆ ಕೊನೆಗೆ ಬಳಲಿಕೆ: ಹೀಗೆ ಮೂರು ಘಟ್ಟಗಳನ್ನು ಅವರು ಗುರುತಿಸಿದರು.

ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಈ ಕಾರ್ಯದಲ್ಲಿ ಮುಖ್ಯವಾದವು. ಪ್ರಶ್ನೆಪತ್ರಿಕೆ ಕೈಗೆ ಬಂದ ಕ್ಷಣದಲ್ಲಿ ಎದೆ ಬಡಿದುಕೊಳ್ಳುವುದು, ಅಂಗೈ ಬೆವರುವುದು. ಇದರಲ್ಲಿ ಅಡ್ರಿನಲಿನ್ನಿನ ಪಾತ್ರವಿದೆ. ಕೆಲವು ನಿಮಿಷಗಳ ತರುವಾಯ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚುವುದು. ಗಂಟೆಯೊಂದರ ಕೆಲಸಕ್ಕೆ ಇವೆರಡೂ ಉಪಕಾರಿಗಳೇ. ದಿನದಿನವೂ, ತಿಂಗಳುಗಟ್ಟಲೆ ಇದೇ ಸ್ಥಿತಿ ಮುಂದುವರಿದರೆ ನಿದ್ರೆ ಕೆಡುವುದು, ಓದಿದ್ದು ನೆನಪಿನಲ್ಲಿ ನಿಲ್ಲದು, ರೋಗವನ್ನು ತಡೆಯುವ ಶಕ್ತಿಯೂ ಕುಗ್ಗುವುದು. ಹೀಗೆ ಬಳಲಿದ ವಿದ್ಯಾರ್ಥಿಯನ್ನು ಸೋಮಾರಿಯೆಂದು ಜರೆದರೆ ಹೊರೆಯ ಮೇಲೆ ಇನ್ನೊಂದು ಹೊರೆಯನ್ನು ಇಟ್ಟಂತಾಗುವುದು.

ಮತ್ತೆ ಮತ್ತೆ ಬೀಳುವ ಹೊರೆ

೧೮೪೨ರಲ್ಲಿ ಫ್ರಾನ್ಸಿನ ವೆರ್ಸೈಲ್ಸ್ ಬಳಿ ರೈಲುಗಾಡಿಯೊಂದು ಉರುಳಿಬಿದ್ದು ಅನೇಕರು ಮಡಿದರು. ಎಂಜಿನಿನ ಅಚ್ಚು ಮುರಿದಿತ್ತು. ಗಟ್ಟಿಯಾದ ಅಚ್ಚುಗಳು ತಾಳಬಲ್ಲ ಹೊರೆಗಿಂತ ಕಡಮೆ ಹೊರೆಯಲ್ಲಿಯೇ ಏಕೆ ಮುರಿಯುತ್ತವೆಂಬುದನ್ನು ಆ ಶತಮಾನದ ನಡುಭಾಗದಲ್ಲಿ ಜರ್ಮನಿಯ ರೈಲ್ವೆ ಎಂಜಿನಿಯರ್ ಔಗುಸ್ಟ್ ವೋಲರ್ ದೀರ್ಘಕಾಲ ಪರೀಕ್ಷಿಸಿದನು. ಒಮ್ಮೆ ಬಿದ್ದರೆ ಏನೂ ಮಾಡದ ಹೊರೆಯು ಲಕ್ಷಾಂತರ ಸಲ ಬಿದ್ದಾಗ ಲೋಹದಲ್ಲಿ ಕಣ್ಣಿಗೆ ಕಾಣದ ಬಿರುಕನ್ನು ಬೆಳೆಸಿ, ಕಡೆಗೊಂದು ದಿನ ಅದನ್ನು ಮುರಿದುಬಿಡುವುದು. ಇದಕ್ಕೆ ಲೋಹದ ದಣಿವು ಎಂದೇ ಹೆಸರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮನುಷ್ಯನು ಲೋಹವಲ್ಲ. ಬಿರುಕು ಬಿಟ್ಟ ಅಚ್ಚನ್ನು ರಾತ್ರಿಯೆಲ್ಲ ಸುಮ್ಮನೆ ಇಟ್ಟರೂ ಬಿರುಕು ಕೂಡದು. ಜೀವಿಯಾದರೋ ನಿದ್ರೆ, ಆಹಾರ, ಆಟ, ಸ್ನೇಹಗಳಿಂದ ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳಬಲ್ಲುದು. ೧೩ರಿಂದ ೧೮ ವರ್ಷದವರಿಗೆ ದಿನಕ್ಕೆ ೮ರಿಂದ ೧೦ ಗಂಟೆಗಳ ನಿದ್ರೆ ಬೇಕೆಂದು ವೈದ್ಯರು ಹೇಳುವುದು ಇದೇ ಕಾರಣದಿಂದ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟವನು ಓದುವ ವೇಳೆಯನ್ನು ಗಳಿಸಿದೆನೆಂದು ತಿಳಿಯುವನು. ಆದರೆ ಓದಿದುದನ್ನು ಮೆದುಳು ನೆಲೆಗೊಳಿಸುವ ವೇಳೆಯನ್ನೇ ಕಳೆದುಕೊಂಡಿರುವನು.

ಶೈಕ್ಷಣಿಕ ಜಿಲ್ಲೆಯಲ್ಲಿ

ಇನ್ನು ಶಾಲೆಗೆ ಬರೋಣ. ತುಮಕೂರು ಜಿಲ್ಲೆಯನ್ನು ಶಿಕ್ಷಣ ಇಲಾಖೆಯು ತುಮಕೂರು, ಮಧುಗಿರಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಾಗಿ ವಿಂಗಡಿಸಿದೆ. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳು ತುಮಕೂರು ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಇಂತಹ ಜಿಲ್ಲೆಯೊಂದರಲ್ಲಿ ಹೊರೆಯನ್ನು ಹಂಚುವ ಏರ್ಪಾಡುಗಳು ಯಾವುವು?

ಮೊದಲನೆಯದು ಅನ್ನ. ೨೦೦೨ರಲ್ಲಿ ಆರಂಭವಾದ ಅಕ್ಷರ ದಾಸೋಹ, ೨೦೧೩ರಲ್ಲಿ ಆರಂಭವಾದ ಕ್ಷೀರಭಾಗ್ಯ ಇವುಗಳಿಂದ ಹಸಿವೆಂಬ ಹೊರೆಯ ಒಂದು ಭಾಗವನ್ನು ಶಾಲೆಯು ತಾನು ಹೊತ್ತುಕೊಂಡಿತು. ಅದನ್ನು ದಿನವೂ ಒಲೆಯ ಮುಂದೆ ನಿಂತು ಹೊರುವವರು ಅಡಿಗೆಯವರು. ಶಾಲೆಯ ಸಿಬ್ಬಂದಿಯ ಕ್ಷೇಮವನ್ನು ಕುರಿತು ಮಾತನಾಡುವಾಗ ಅವರನ್ನು ಮರೆಯಲಾಗದು.

ಎರಡನೆಯದು ಕಾಯಿದೆ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯು ೨೦೧೦ರ ಏಪ್ರಿಲ್ ೧ರಂದು ಜಾರಿಗೆ ಬಂದಿತು. ಮಗುವಿಗೆ ಪೆಟ್ಟು ಕೊಡುವುದನ್ನೂ ಮಾನಸಿಕ ಹಿಂಸೆಯನ್ನೂ ಅದು ನಿಷೇಧಿಸಿದೆ. ಅದೇ ಕಾಯಿದೆಯು ಶಿಕ್ಷಕರನ್ನೂ ನೆನೆದಿದೆಯೆಂಬುದು ಅನೇಕರಿಗೆ ತಿಳಿಯದು. ಒಂದರಿಂದ ಐದನೆಯ ತರಗತಿಯವರೆಗೆ ಮಕ್ಕಳ ಸಂಖ್ಯೆ ಒಬ್ಬ ಶಿಕ್ಷಕರಿಗೆ ೩೦ನ್ನು ಮೀರಬಾರದೆಂಬುದು ಅದರ ಸಾಮಾನ್ಯ ಅಳತೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಇವುಗಳ ಹೊರತು ಬೋಧನೆಯಲ್ಲದ ಬೇರೆ ಕೆಲಸಗಳಿಗೆ ಶಿಕ್ಷಕರನ್ನು ನಿಯೋಜಿಸಬಾರದೆಂದೂ ಅದು ಹೇಳುತ್ತದೆ. ಐದು ತರಗತಿಗಳನ್ನು ಒಬ್ಬರೇ ನಡೆಸುತ್ತ, ದಾಖಲೆಗಳನ್ನೂ ತುಂಬಿಸುತ್ತ, ಅಕ್ಕಿಬೇಳೆಯ ಲೆಕ್ಕವನ್ನೂ ಬರೆಯುವ ಶಿಕ್ಷಕಿಗೆ ಮೂಲೆಯಲ್ಲಿ ಮೌನವಾಗಿ ಕುಳಿತ ಮಗುವಿನ ಮುಖವನ್ನು ನೋಡಲು ಬಿಡುವೆಲ್ಲಿ? ಶಿಕ್ಷಕರ ಹೊರೆಯನ್ನು ಇಳಿಸದೆ ಮಕ್ಕಳ ಒತ್ತಡವನ್ನು ಇಳಿಸುವುದು ಕಷ್ಟ.

ಮೂರನೆಯದು ಪರೀಕ್ಷೆ. ೨೦೨೪ರಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು. ತರಗತಿಗಳಿಗೆ ವರ್ಷದಲ್ಲಿ ಮೂರು ಪರೀಕ್ಷೆಗಳನ್ನು ನಡೆಸಿ, ವಿದ್ಯಾರ್ಥಿಯು ತನ್ನ ಉತ್ತಮ ಅಂಕಗಳನ್ನು ಉಳಿಸಿಕೊಳ್ಳಲು ಅವಕಾಶ ಕೊಡಲಾಯಿತು. ವರ್ಷದ ಭಾರವೆಲ್ಲ ಒಂದೇ ಮೂರು ಗಂಟೆಯ ಮೇಲೆ ಬೀಳದಂತೆ ಮಾಡುವುದು ಪಟ್ಟಿಯ ಅಗಲವನ್ನು ಹೆಚ್ಚಿಸಿದಂತೆಯೇ ಸರಿ.

ನಾಲ್ಕನೆಯದು ಊರಿನ ಪಾಲು. ತುಮಕೂರು ಜಿಲ್ಲೆಯಲ್ಲಿ ಹುಟ್ಟಿ ಪರಮಾಣು ವಿಜ್ಞಾನದಲ್ಲಿ ಹೆಸರಾದ ಡಾ. ರಾಜಾ ರಾಮಣ್ಣನವರು ಕರ್ನಾಟಕದ ಶಿಕ್ಷಣ ಕಾರ್ಯಪಡೆಯ ಅಧ್ಯಕ್ಷರಾಗಿದ್ದರು. ಆ ಕಾರ್ಯಪಡೆಯ ಸಲಹೆಯಂತೆ ೨೦೦೧ರಲ್ಲಿ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ಅವುಗಳಲ್ಲಿ ಪೋಷಕರಿಗೇ ಪ್ರಧಾನ ಸ್ಥಾನ.

ಹಗ್ಗದ ಗುಟ್ಟು

ಇಷ್ಟೆಲ್ಲ ಏರ್ಪಾಡುಗಳಿದ್ದೂ ವಿದ್ಯಾರ್ಥಿಗಳು ಸೋಲುವುದೇಕೆ? ಆರಂಭದ ಪ್ರಶ್ನೆಗೆ ಈಗ ಹಿಂದಿರುಗೋಣ.

ನಾರುಗಳನ್ನು ಸುಮ್ಮನೆ ಪಕ್ಕಪಕ್ಕದಲ್ಲಿ ಜೋಡಿಸಿ ಎಳೆದರೆ ಅವು ಜಾರಿ ಬೇರೆಯಾಗುವುವು. ಹೊಸೆದಾಗ ಪ್ರತಿಯೊಂದು ಎಳೆಯೂ ಸುರುಳಿಯಾಗಿ ಇತರ ಎಳೆಗಳನ್ನು ಬಳಸಿಕೊಳ್ಳುವುದು. ಅಂತಹ ಹಗ್ಗವನ್ನು ಎಳೆದರೆ ಸುರುಳಿಗಳು ಬಿಗಿದು, ಎಳೆಗಳು ಒಳಮುಖವಾಗಿ ಒಂದನ್ನೊಂದು ಒತ್ತುವುವು. ಘರ್ಷಣೆಯು ಒತ್ತುವ ಬಲದ ಅನುಪಾತದಲ್ಲಿರುವುದರಿಂದ, ಎಳೆತ ಹೆಚ್ಚಿದಷ್ಟೂ ಹಿಡಿತವೂ ಹೆಚ್ಚುವುದು. ಒಂದು ಎಳೆ ಮುಗಿದೆಡೆಯಲ್ಲಿ, ಅಥವಾ ಹರಿದೆಡೆಯಲ್ಲಿ, ಅದರ ಪಾಲಿನ ಹೊರೆ ನೆರೆಯ ಎಳೆಗಳಿಗೆ ಸಾಗುವುದು. ಸರಪಳಿಯಲ್ಲಿ ಒಂದು ಕೊಂಡಿ ಹೋದರೆ ಎಲ್ಲವೂ ಹೋಯಿತು, ಹಗ್ಗ ಹಾಗಲ್ಲ.

ಮಗು, ಶಿಕ್ಷಕರು, ಮನೆಯವರು ಮೂವರೂ ಅನೇಕ ವೇಳೆ ಹೊಸೆಯದ ನಾರುಗಳಂತೆ ಪಕ್ಕಪಕ್ಕದಲ್ಲಿರುವರು. ೨೦೨೩ರಲ್ಲಿ ತಿಪಟೂರಿನ ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿಯ ಬೆಲೆ ಕ್ವಿಂಟಾಲಿಗೆ ೧೧,೭೫೦ ರೂಪಾಯಿಗಳ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಇಳಿದುದನ್ನು ಈ ಸೀಮೆಯವರು ಮರೆತಿಲ್ಲ. ತಿಂಗಳುಗಟ್ಟಲೆ ಅಟ್ಟದ ಮೇಲೆ ಕಾಯಿಟ್ಟು ಬೆಲೆಗಾಗಿ ಕಾದ ಮನೆಯೊಂದನ್ನು ಊಹಿಸಿಕೊಳ್ಳಿ. ತಂದೆಯ ಮಾತು ಗಡುಸಾಗುವುದು. ಮಗನು ಅದು ತನ್ನ ಅಂಕಗಳ ದೆಸೆಯಿಂದಲೇ ಎಂದು ಭಾವಿಸುವನು. ಶಿಕ್ಷಕರಿಗೆ ಕಾಣುವುದು ಬರೆಯದೆ ಬಂದ ಲೆಕ್ಕ ಮಾತ್ರ. ಮೂವರೂ ಒಂದೇ ಹೊರೆಯನ್ನು ಬೇರೆಬೇರೆಯಾಗಿ ಹೊತ್ತಿದ್ದಾರೆ. ಫಲಿತಾಂಶದ ದಿನವಲ್ಲದೆ ಬೇರೆ ದಿನಗಳಲ್ಲಿಯೂ ತಾಯಿತಂದೆಯರು ಶಾಲೆಗೆ ಬಂದು ಹತ್ತು ನಿಮಿಷ ಮಾತನಾಡಿದರೆ, 'ಮನೆಯಲ್ಲಿ ಹೇಗಿದೆಯಪ್ಪ?' ಎಂದು ಶಿಕ್ಷಕರು ಒಂದು ಮಾತು ಕೇಳಿದರೆ, 'ಬೆಲೆಯ ಚಿಂತೆ ನಮ್ಮದು, ಅದು ನಿನ್ನ ತಪ್ಪಲ್ಲ' ಎಂದು ತಂದೆ ಹೇಳಿದರೆ, ಆಗ ನಾರು ಹುರಿಗೊಂಡಂತಾಯಿತು. ಇದಕ್ಕೆ ಹಣದ ವೆಚ್ಚವಿಲ್ಲ.

ನೆರವು ಎಲ್ಲಿ ದೊರೆಯುವುದು?

ಎರಡು ವಾರಗಳಿಗೂ ಮೀರಿ ನಿದ್ರೆ ಬಾರದಿರುವುದು, ಊಟ ಸೇರದಿರುವುದು, ಗೆಳೆಯರಿಂದ ದೂರವಾಗುವುದು, ಹಿಂದೆ ಪ್ರಿಯವಾಗಿದ್ದ ಆಟದಲ್ಲಿಯೂ ಮನಸ್ಸಿಲ್ಲದಿರುವುದು: ಇವು ಗಮನಿಸಬೇಕಾದ ಲಕ್ಷಣಗಳು. ಬದುಕೇ ಬೇಡವೆಂಬ ಮಾತು ಯಾರ ಬಾಯಿಂದ ಬಂದರೂ ಅದನ್ನು ಹಾಸ್ಯವೆಂದು ತಳ್ಳಿಹಾಕಬಾರದು. ಅಂದೇ ನಂಬಿಕೆಯ ಹಿರಿಯರಿಗೆ ತಿಳಿಸಬೇಕು. ನೇರವಾಗಿ ಕೇಳಿದರೆ ಆ ಆಲೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುವುದೆಂಬ ಭಯಕ್ಕೆ ಆಧಾರವಿಲ್ಲ. ಕೇಳಿದರೆ ಮನಸ್ಸು ಹಗುರವಾಗುವುದೇ ಹೆಚ್ಚು.

ಮನಸ್ಸಿನ ಚಿಕಿತ್ಸೆ ದೊಡ್ಡ ಊರುಗಳ ಆಸ್ಪತ್ರೆಗಳಿಗೇ ಮೀಸಲಾಗಬಾರದೆಂಬ ಪ್ರಯತ್ನ ನಮ್ಮ ನಾಡಿನಲ್ಲಿಯೇ ನಡೆದಿದೆ. ೧೯೮೦ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಈ ವಿಷಯದಲ್ಲಿ ತರಬೇತಿಯನ್ನು ಕೊಟ್ಟಿತು. ೧೯೯೬ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ೨೦೨೨ರ ಅಕ್ಟೋಬರ್ ೧೦ರಂದು ಟೆಲಿ ಮಾನಸ್ ಎಂಬ ದೂರವಾಣಿ ಸೇವೆ ಪ್ರಾರಂಭವಾಯಿತು. ೧೪೪೧೬ ಸಂಖ್ಯೆಗೆ ಕರೆ ಮಾಡಿದರೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ, ಮಾತನಾಡಬಹುದು. ತೊಂದರೆಯಲ್ಲಿರುವ ಮಕ್ಕಳ ನೆರವಿಗೆ ೧೦೯೮ ಇದೆ. ಈ ಎರಡು ಸಂಖ್ಯೆಗಳನ್ನು ಶಾಲೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸುವುದು ಯಾವ ಸಮಿತಿಗೂ ಕಷ್ಟವಾಗದು. ವಿದ್ಯಾರ್ಥಿಗಳಂತೆಯೇ ಶಿಕ್ಷಕರೂ, ಅಡಿಗೆಯವರೂ, ಪೋಷಕರೂ ೧೪೪೧೬ಕ್ಕೆ ಕರೆ ಮಾಡಬಹುದೆಂಬುದನ್ನೂ ಅದರ ಕೆಳಗೆ ಬರೆಯಬೇಕು.

ಕೊನೆಯದಾಗಿ, ಮನೆಯಲ್ಲಿ ಮಾಡಬಹುದಾದ ಒಂದು ಪ್ರಯೋಗ. ಒಂದು ಮೊಳದಷ್ಟು ನಾರಿನ ಹಗ್ಗವನ್ನು ತೆಗೆದುಕೊಂಡು ಎಳೆದು ನೋಡಿ. ಬಳಿಕ ಅದರ ಹುರಿಯನ್ನು ಪೂರ್ತಿಯಾಗಿ ಬಿಚ್ಚಿ ಮತ್ತೆ ಎಳೆಯಿರಿ. ಮೂರನೆಯ ಸಲ ಅವೇ ಎಳೆಗಳನ್ನು ನೀವೇ ಹೊಸೆದು ಎಳೆಯಿರಿ. ಕಂಡುದನ್ನು ಬರೆದಿಡಿ. ಮರುದಿನ ತರಗತಿಯಲ್ಲಿ ಯಾರಾದರೂ ಹಿಂದಿನ ಬೆಂಚಿಗೆ ಸರಿದಿದ್ದರೆ ಅವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ.