ರೈಡರ್ ಹ್ಯಾಗರ್ಡ್: ಸಾಹಸಕಥೆಯ ಭೂಪಟ ಮತ್ತು ಅದರ ವಾರಸುದಾರರು

ಆಂಗ್ಲ ಕಾದಂಬರಿಯ ಚರಿತ್ರೆಯಲ್ಲಿ ಹೆನ್ರಿ ರೈಡರ್ ಹ್ಯಾಗರ್ಡ್‌ನಿಗೆ (1856-1925) ದೊರೆತಿರುವ ಸ್ಥಾನ ಚಿಕ್ಕದು. ಆತನ ಪ್ರಭಾವದ ವ್ಯಾಪ್ತಿ ಮಾತ್ರ ದೊಡ್ಡದು. ಜನಪ್ರಿಯ ಸಾಹಿತ್ಯವನ್ನು ವಿಮರ್ಶೆಯ ಹೊರಗಿಟ್ಟರೆ ಏನು ಕಳೆದುಹೋಗುತ್ತದೆ ಎಂಬುದಕ್ಕೆ ಆತನೊಂದು ನಿದರ್ಶನ.

ಇಂಗ್ಲೆಂಡಿನ ನಾರ್‌ಫೋಕ್‌ನಲ್ಲಿ ಹುಟ್ಟಿದ ಹ್ಯಾಗರ್ಡ್ 1875ರಲ್ಲಿ ವಸಾಹತು ಆಡಳಿತದ ಸೇವೆಗಾಗಿ ದಕ್ಷಿಣ ಆಫ್ರಿಕಾದ ನಟಾಲ್‌ಗೆ ತೆರಳಿದನು. 1877ರಲ್ಲಿ ಟ್ರಾನ್ಸ್‌ವಾಲ್ ಬ್ರಿಟಿಷರ ವಶವಾದಾಗ ಪ್ರಿಟೋರಿಯಾದಲ್ಲಿ ಧ್ವಜವೇರಿಸಿದವರಲ್ಲಿ ಆತನೂ ಒಬ್ಬ. ಈ ಅನುಭವವೇ 1885ರ 'ಕಿಂಗ್ ಸಾಲೊಮನ್ಸ್ ಮೈನ್ಸ್' ಕಾದಂಬರಿಯ ಹಿನ್ನೆಲೆ. ರಕ್ತದಿಂದ ಬರೆದ ಹಳೆಯ ಭೂಪಟ, ಮರುಭೂಮಿಯಾಚೆಯ ಅಜ್ಞಾತ ರಾಜ್ಯ, ಅಲಂಕಾರವಿಲ್ಲದೆ ಕಥೆ ಹೇಳುವ ಬೇಟೆಗಾರ ಕ್ವಾಟರ್‌ಮೇನ್ — ಈ ಮೂರೂ ಮುಂದಿನ ಸಾಹಸಕಥೆಗಳಿಗೆ ಮಾದರಿಗಳಾದವು. 1912ರಲ್ಲಿ ಬಂದ ಕಾನನ್ ಡಾಯ್ಲ್‌ನ 'ದಿ ಲಾಸ್ಟ್ ವರ್ಲ್ಡ್' ಇದೇ ಹಾದಿಯದು.

ಪ್ರಭಾವವು ಪ್ರಕಾರದ ಎಲ್ಲೆಯನ್ನೂ ಮೀರಿತು. 1887ರ 'ಷೀ' ಕಾದಂಬರಿಯ ಆಯೆಷಾಳಲ್ಲಿ ಮನೋವಿಜ್ಞಾನಿ ಯೂಂಗ್ ಪುರುಷಮನಸ್ಸಿನೊಳಗಿನ ಸ್ತ್ರೀಬಿಂಬದ ನಿದರ್ಶನವನ್ನು ಕಂಡನು. ಪಾತ್ರಗಳೆಲ್ಲ ಆಫ್ರಿಕನ್ನರೇ ಆಗಿರುವ 'ನಾಡಾ ದಿ ಲಿಲಿ'ಯಲ್ಲಿ (1892) ತೋಳಗಳ ಹಿಂಡಿನೊಡನೆ ಓಡುವ ವೀರನ ಚಿತ್ರಣವಿದೆ. ಭಾರತದ ಕಾಡಿನಲ್ಲಿ ತೋಳಗಳು ಸಾಕಿದ ಮೌಗ್ಲಿಯ ಕಲ್ಪನೆಗೆ ಇದೇ ಪ್ರೇರಣೆಯೆಂದು ಕಿಪ್ಲಿಂಗ್ ಹ್ಯಾಗರ್ಡ್‌ನಿಗೆ ಪತ್ರ ಬರೆದು ಒಪ್ಪಿಕೊಂಡನು.

ಆದರೆ ಈ ಕೃತಿಗಳ ಒಳಗೇ ಒಂದು ಬಿರುಕಿದೆ. 'ಕಿಂಗ್ ಸಾಲೊಮನ್ಸ್ ಮೈನ್ಸ್'ನಲ್ಲಿ ಸೇವಕನಾಗಿ ಬರುವ ಉಂಬೋಪ ನಿಜದಲ್ಲಿ ಕುಕುವಾನರ ರಾಜ ಇಗ್ನೋಸಿ. ಸಿಂಹಾಸನ ಮರಳಿ ಪಡೆದ ಆತ ಬಿಳಿಯ ವ್ಯಾಪಾರಿಗಳಿಗೆ ತನ್ನ ನಾಡಿನ ಬಾಗಿಲನ್ನು ಮುಚ್ಚುತ್ತಾನೆ. ಸಾಮ್ರಾಜ್ಯದ ಧ್ವಜವೇರಿಸಿದ ಲೇಖಕನ ಕೃತಿಯಲ್ಲೇ ಸಾಮ್ರಾಜ್ಯದ ನಿರಾಕರಣೆ ಕೇಳಿಬರುತ್ತದೆ. ಆದರೂ ಆಂಗ್ಲ ನಾಯಕನನ್ನು ಪ್ರೀತಿಸಿದ ಕಪ್ಪು ಯುವತಿ ಫೌಲಾಟಳಿಗೆ ಕಥೆಯು ಬದುಕುವ ಅವಕಾಶ ಕೊಡುವುದಿಲ್ಲ. ವರ್ಣದ ಗೆರೆಯನ್ನು ದಾಟುವ ಧೈರ್ಯ ಕಾದಂಬರಿಗಿಲ್ಲ.

ಈ ಬಿರುಕನ್ನು ಆಫ್ರಿಕಾದ ಲೇಖಕರು ಸುಮ್ಮನೆ ಬಿಡಲಿಲ್ಲ. ಸೋಲ್ ಪ್ಲಾಟ್ಯೆಯ 'ಮ್ಹೂದಿ' (1930) ಸಾಹಸಕಥೆಯ ಚೌಕಟ್ಟನ್ನು ಉಳಿಸಿಕೊಂಡು ದೃಷ್ಟಿಯನ್ನು ಬದಲಿಸಿತು. ಅಲ್ಲಿ ಆಫ್ರಿಕಾ ಯಾರೋ ಬಂದು ಕಂಡುಹಿಡಿಯುವ ನಾಡಲ್ಲ, ಬಾಳುವ ನೆಲ; ಕಥೆಯ ಕೇಂದ್ರದಲ್ಲಿರುವವಳು ದಿಟ್ಟ ಆಫ್ರಿಕನ್ ಹೆಣ್ಣು.

ಆದ್ದರಿಂದ ಪ್ರಭಾವದ ಅಧ್ಯಯನವೆಂದರೆ ಯಾರು ಯಾರಿಂದ ಪಡೆದರೆಂಬ ಲೆಕ್ಕ ಮಾತ್ರವಲ್ಲ. ಪಡೆದದ್ದನ್ನು ಯಾರು, ಯಾವ ನೆಲದಲ್ಲಿ ನಿಂತು, ಹೇಗೆ ತಿರುಗಿಸಿ ಬರೆದರೆಂಬುದೇ ಅದರ ಮುಖ್ಯ ಪ್ರಶ್ನೆ. ಹ್ಯಾಗರ್ಡ್‌ನ ಭೂಪಟವನ್ನು ಕಿಪ್ಲಿಂಗ್ ಒಂದು ಬಗೆಯಲ್ಲಿ ಓದಿದರೆ, ಪ್ಲಾಟ್ಯೆ ಅದನ್ನು ತಲೆಕೆಳಗಾಗಿ ಹಿಡಿದು ಓದಿದನು. ಎರಡೂ ಓದುಗಳನ್ನು ಜತೆಗಿಟ್ಟು ನೋಡಿದಾಗಲೇ ಆತನ ಶಕ್ತಿಯೂ ಮಿತಿಯೂ ಸ್ಪಷ್ಟವಾಗುತ್ತವೆ.