ಕುಲುಕದ ರೋಲರ್ ಕೋಸ್ಟರ್: ಕಂಪ್ಯೂಟರಿನಲ್ಲಿ ಹಳಿ ಬಾಗಿಸುವ ಬಗೆ

ಜಾತ್ರೆಗೆ ಬರುವ ಡ್ರ್ಯಾಗನ್ ಟ್ರೈನ್ ಏರಿ ಇಳಿದವರು ಮೊದಲು ನೀವಿಕೊಳ್ಳುವುದು ಕುತ್ತಿಗೆಯನ್ನು. ಅದೇನು ಭಾರೀ ವೇಗದ ಗಾಡಿಯಲ್ಲ. ನೆಟ್ಟಗೆ ಹೋಗುತ್ತಿದ್ದ ಹಳಿ ಏಕಾಏಕಿ ತಿರುಗುತ್ತದೆ, ಮೈ ತಿರುಗುವಷ್ಟರಲ್ಲಿ ಸೀಟಿನ ಅಂಚು ಪಕ್ಕೆಗೆ ಬಡಿದಿರುತ್ತದೆ. ಕಂಪ್ಯೂಟರಿನಲ್ಲಿ ಹೊಸದಾಗಿ ರೋಲರ್ ಕೋಸ್ಟರ್ ಕಟ್ಟುವವರ ಹಳಿಯೂ ಬಹುತೇಕ ಹೀಗೇ ಇರುತ್ತದೆ. ನೋಡಲು ಚೆಂದ, ಓಡಿಸಿದರೆ ಕುಲುಕಾಟ.

ಈ ವಿದ್ಯೆ ಕಲಿಯಲು ಎರಡು ಸಾಫ್ಟ್‌ವೇರ್‌ಗಳು ಹೆಸರುವಾಸಿ. ಪ್ಲಾನೆಟ್ ಕೋಸ್ಟರ್ 2016ರಲ್ಲಿ ಬಂದ ಆಟ; ಪಾರ್ಕು, ಅಂಗಡಿ, ಜನಜಂಗುಳಿ ಎಲ್ಲ ಇದೆ, ಹಳಿಯನ್ನು ತಾನೇ ನಯಮಾಡುವ ಬಟನ್ ಕೂಡ ಇದೆ. ನೋಲಿಮಿಟ್ಸ್ 2 ಹಾಗಲ್ಲ. ಹಳಿ ಮತ್ತು ಅದರ ಮೇಲಿನ ಬಲ, ಇವೆರಡೇ ಅದರ ಮುಖ್ಯ ಕಾಳಜಿ. ಹಣ ಕೊಟ್ಟು ಕೊಳ್ಳಬೇಕು, ಆದರೆ ಡೆಮೊ ಉಚಿತ. ಕಲಿಯುವ ಮನಸ್ಸಿದ್ದರೆ ಇದರಿಂದಲೇ ಶುರುಮಾಡಿ. ನಯಮಾಡುವ ಬಟನ್ ಒತ್ತಿ ಕಲಿತವರಿಗೆ ಹಳಿ ಯಾಕೆ ಕುಲುಕಿತು ಎಂಬುದು ಕೊನೆಗೂ ತಿಳಿಯುವುದಿಲ್ಲ.

ಮಾಗಳ, ಹಡಗಲಿ ಸೀಮೆಯವರಿಗೆ ಬಿಡದಿಯ ವಂಡರ್‌ಲಾ ಪಾರ್ಕು ದೂರ. ಆದರೆ ಪಾಠ ಹತ್ತಿರದಲ್ಲೇ ಇದೆ. ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರು, ಹರಪನಹಳ್ಳಿ ದಾಟಿ ಹರಿಹರಕ್ಕೆ ಹೋಗುವ ರೈಲು ಹತ್ತಿದಾಗ ತಿರುವುಗಳನ್ನು ಗಮನಿಸಿ. ನೇರ ಹಳಿ ಮುಗಿದ ತಕ್ಷಣ ದುಂಡನೆಯ ತಿರುವು ಶುರುವಾಗುವುದಿಲ್ಲ. ನಡುವೆ ಒಂದಷ್ಟು ದೂರ ಬಾಗು ಸ್ವಲ್ಪ ಸ್ವಲ್ಪವೇ ಏರುತ್ತದೆ, ಅದರ ಜೊತೆಜೊತೆಗೇ ಹೊರಗಿನ ಹಳಿಯೂ ಎತ್ತರವಾಗುತ್ತ ಹೋಗುತ್ತದೆ. ಭಾರತೀಯ ರೈಲ್ವೆ ಇದಕ್ಕೆ ಘನ ಪರವಲಯ ಎಂಬ ವಕ್ರರೇಖೆ ಬಳಸುತ್ತದೆ. ಕೋಸ್ಟರಿನವರು ನೆಚ್ಚುವುದು ಕ್ಲಾಥಾಯ್ಡ್ ಎಂಬ ಅದರ ಹತ್ತಿರದ ಬಂಧುವನ್ನು. ಹೆಸರು ಏನೇ ಇರಲಿ, ಮೈಗೆ ಹಿಂಸೆಯಾಗುವುದು ಬಲ ಹೆಚ್ಚಾದಾಗ ಮಾತ್ರವಲ್ಲ, ಬಲ ಥಟ್ಟನೆ ಬದಲಾದಾಗಲೂ.

ಇದನ್ನು ಕಡೆಗಣಿಸಿದ್ದರ ಫಲ 1895ರಲ್ಲೇ ಕಂಡಿತ್ತು. ನ್ಯೂಯಾರ್ಕಿನ ಕೋನಿ ಐಲ್ಯಾಂಡ್‌ನ ಫ್ಲಿಪ್ ಫ್ಲ್ಯಾಪ್ ಎಂಬ ಕೋಸ್ಟರಿನ ತಲೆಕೆಳಗಾಗಿಸುವ ಸುತ್ತು ಪೂರ್ತಿ ವೃತ್ತಾಕಾರ. ನೇರ ಹಳಿಯಿಂದ ವೃತ್ತಕ್ಕೆ ನುಗ್ಗಿದ ಕ್ಷಣವೇ ಪ್ರಯಾಣಿಕರ ಮೇಲೆ ಅವರ ತೂಕದ ಹನ್ನೆರಡು ಪಟ್ಟು ಬಲ ಬೀಳುತ್ತಿತ್ತು ಎನ್ನುತ್ತಾರೆ. ಜನ ಕುತ್ತಿಗೆ ನೋವೆಂದು ದೂರಿದರು. ಲೆಕ್ಕ ಸರಳ: ವೃತ್ತದ ನೆತ್ತಿಯಲ್ಲಿ ಮೈ ಹಗುರಾಗಿ ತೇಲುವಷ್ಟೇ ವೇಗ ಉಳಿಸಿಕೊಂಡರೂ ಕೆಳಗೆ 6 ಜಿ, ಅಂದರೆ ತೂಕದ ಆರು ಪಟ್ಟು ಬಲ, ತಪ್ಪದು. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್‌ನಲ್ಲಿ ಆಂಟನ್ ಶ್ವಾರ್ಟ್ಸ್‌ಕಾಫ್ ಕಟ್ಟಿದ, ವರ್ನರ್ ಸ್ಟೆಂಗೆಲ್ ಲೆಕ್ಕಹಾಕಿದ ರೆವಲ್ಯೂಷನ್ ಬಂತು. ಅದರ ಸುತ್ತಿನ ಬಾಗು ಕೆಳಗೆ ಅಗಲ, ಮೇಲೆ ಬಿಗಿ. ಆಮೇಲೆ ಬಂದ ಸುತ್ತುಗಳೆಲ್ಲ ಹೆಚ್ಚುಕಡಿಮೆ ಅದೇ ದಾರಿ ಹಿಡಿದವು.

ಈಗ ಕೆಲಸಕ್ಕೆ ಬರೋಣ. ಮೊದಲ ವಿನ್ಯಾಸದಲ್ಲಿ ಸುತ್ತು ಬೇಡ. ಒಂದು ಏರು, ಒಂದು ಇಳಿಜಾರು, ಒಂದು ಗುಡ್ಡ, ಒಂದು ತಿರುವು, ಬ್ರೇಕು. ಇಷ್ಟು ಸಾಕು. ಮೌಸ್ ಮುಟ್ಟುವ ಮುಂಚೆ ಹಾಳೆಯ ಮೇಲೆ ಲೆಕ್ಕ ಬರೆಯಿರಿ. 20 ಮೀಟರ್ ಇಳಿದ ಗಾಡಿ, ಘರ್ಷಣೆ ಬಿಟ್ಟರೆ, ಸೆಕೆಂಡಿಗೆ ಸುಮಾರು 20 ಮೀಟರ್ ಅಂದರೆ ಗಂಟೆಗೆ 71 ಕಿ.ಮೀ. ವೇಗದಲ್ಲಿರುತ್ತದೆ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಬಾಗಿನ ವೇಗೋತ್ಕರ್ಷ ಸಿಗುತ್ತದೆ; ಅದನ್ನು ಗುರುತ್ವ ವೇಗೋತ್ಕರ್ಷದಿಂದ ಭಾಗಿಸಿ, ತಳದಲ್ಲಾದರೆ ಮೈಯ ಸ್ವಂತ ತೂಕದ ಒಂದು ಜಿ ಕೂಡಿಸಿ. ಇಳಿಜಾರಿನ ತಳದಲ್ಲಿ 25 ಮೀಟರ್ ತ್ರಿಜ್ಯ ಕೊಟ್ಟರೆ ಒಟ್ಟು 2.6 ಜಿ, ಹಿತವಾಗಿರುತ್ತದೆ. ಜಾಗ ಉಳಿಸಲು 10 ಮೀಟರಿಗೆ ಇಳಿಸಿದರೆ 5 ಜಿ ಮುಟ್ಟುತ್ತದೆ. ಪಿಯುಸಿ ವಿಜ್ಞಾನ ಓದಿದವರಿಗೆ ಇದು ಹೊಸದಲ್ಲ, ಪರೀಕ್ಷೆ ಮುಗಿದ ಮೇಲೂ ಉಪಯೋಗಕ್ಕೆ ಬಂದದ್ದು ಮಾತ್ರ ಹೊಸದು.

ಹಳಿ ಎಳೆಯುವಾಗ ಅದರ ದಾರಿ ಗೊತ್ತುಮಾಡುವ ಬಿಂದುಗಳನ್ನು ಕಡಿಮೆ ಇಡಿ. ಬಹುಪಾಲು ಕುಲುಕಾಟ ಹುಟ್ಟುವುದು ಇಲ್ಲೇ. ಹಳಿ ತಾನಂದುಕೊಂಡ ಕಡೆ ಬರಲಿಲ್ಲವೆಂದು ನಡುವೆ ಒಂದು ಬಿಂದು, ಅದರಿಂದಾದ ಉಬ್ಬು ಸರಿಮಾಡಲು ಪಕ್ಕದಲ್ಲಿ ಇನ್ನೊಂದು. ಕೊನೆಗೆ ಕಣ್ಣಿಗೆ ಕಾಣದ, ಆದರೆ ಗಾಡಿಗೆ ಗೊತ್ತಾಗುವ ಹತ್ತಾರು ಗಂಟುಗಳು. ಹೊಸ ಬಿಂದು ಸೇರಿಸುವ ಬದಲು ಇದ್ದುದನ್ನೇ ಜರುಗಿಸಿ ನೋಡಿ. ಒಂದನ್ನು ಅಳಿಸಿದರೆ ಹಳಿ ಎಷ್ಟೋ ಸಲ ತಾನಾಗಿಯೇ ಸರಿಹೋಗುತ್ತದೆ. ಬಿಂದುಗಳ ನಡುವಿನ ಅಂತರ ಆದಷ್ಟು ಸಮವಾಗಿರಲಿ. ದೂರ ದೂರದ ಬಿಂದುಗಳ ನಡುವೆ ಎರಡು ಒತ್ತಾಗಿ ಬಂದರೆ ಅಲ್ಲೊಂದು ಧಕ್ಕೆ ಖಾತ್ರಿ.

ತಿರುವಿನಲ್ಲಿ ಹಳಿಯನ್ನು ಎಷ್ಟು ಓರೆ ಮಾಡಬೇಕು ಎಂಬುದನ್ನೂ ಅಂದಾಜಿಗೆ ಬಿಡಬೇಡಿ. 20 ಮೀಟರ್ ತ್ರಿಜ್ಯದ ತಿರುವಿಗೆ ಗಾಡಿ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಬಂದರೆ 49 ಡಿಗ್ರಿ ಓರೆ ಬೇಕು. ಆಗ ಪಕ್ಕಕ್ಕೆ ಎಳೆಯುವ ಬಲವೇ ಇರುವುದಿಲ್ಲ, ಸೀಟಿಗೆ ಒತ್ತಿದಂತಾಗುತ್ತದೆ ಅಷ್ಟೆ. ವೇಗ 12 ಮೀಟರಿಗೆ ಇಳಿದರೆ 36 ಡಿಗ್ರಿ ಸಾಕು. ಓರೆ ತಿರುವಿಗಿಂತ ತುಸು ಮುಂಚೆಯೇ ಶುರುವಾಗಿ ಬಾಗಿನ ಜೊತೆ ಏರಬೇಕು, ಹಾಗೆಯೇ ಇಳಿಯಬೇಕು. ಇಲ್ಲೇ ಇನ್ನೊಂದು ಗುಟ್ಟು: ಹಳಿಯನ್ನು ಹಳಿಯ ಸುತ್ತಲೇ ತಿರುಚಿದರೆ ಮೇಲೆ ಕೂತವನ ತಲೆ ದೊಡ್ಡ ಕಮಾನಿನಲ್ಲಿ ಬೀಸಿಹೋಗುತ್ತದೆ. ಅದಕ್ಕೇ ಕೂತವನ ಎದೆಮಟ್ಟದಲ್ಲಿ ಒಂದು ರೇಖೆ ಕಲ್ಪಿಸಿಕೊಂಡು, ಹಳಿಯೇ ಅದರ ಸುತ್ತ ತಿರುಗುವಂತೆ ಮಾಡುತ್ತಾರೆ. ಹಾರ್ಟ್‌ಲೈನ್ ಅನ್ನುವುದು ಇದಕ್ಕೇ. ಹೊರಗೆ ನಿಂತು ನೋಡುವವರಿಗೆ ಹಳಿ ಸೊಟ್ಟಗೆ ಹೊರಳಿದಂತೆ ಕಾಣುತ್ತದೆ, ಕಾಣಲಿ ಬಿಡಿ.

ಗುಡ್ಡದ ನೆತ್ತಿಯಲ್ಲಿ ಮೈ ತೇಲಬೇಕಾದರೆ ಹಳಿ ಎಸೆದ ಕಲ್ಲಿನ ದಾರಿ ಹಿಡಿಯಬೇಕು. ನೆತ್ತಿಯಲ್ಲಿ ಸೆಕೆಂಡಿಗೆ 10 ಮೀಟರ್ ವೇಗವಿದ್ದರೆ ಮುಂದಿನ 10 ಮೀಟರ್ ದೂರದಲ್ಲಿ ಹಳಿ 4.9 ಮೀಟರ್ ಕೆಳಗಿಳಿದಿರಬೇಕು.

ಇನ್ನು ಪರೀಕ್ಷೆ. ಹಳಿಯ ಉದ್ದಕ್ಕೂ ಬಲವನ್ನು ಗೆರೆಗಳಲ್ಲಿ ತೋರಿಸುವ ಸೌಲಭ್ಯವನ್ನು ತೆರೆದಿಟ್ಟುಕೊಳ್ಳಿ. ಗೆರೆಗಳು ಎತ್ತರವಿದ್ದರೆ ಗಾಬರಿ ಬೇಡ. ಎತ್ತರ ಒಮ್ಮೆಗೇ ಜಿಗಿದಿದೆಯೇ ನೋಡಿ. ಗರಗಸದಂತೆ ಏರಿಳಿದ ಕಡೆ ಬಿಂದು ತಪ್ಪಿದೆ. ಆಮೇಲೆ ಗಾಡಿ ಓಡಿಸಿ, ಮೊದಲ ಸಾಲಿನಲ್ಲಿ ಮಾತ್ರವಲ್ಲ, ಕಡೇ ಸಾಲಿನಲ್ಲೂ ಕೂತು ನೋಡಿ. ಮುಂದಿನ ಡಬ್ಬಿಗಳು ಆಗಲೇ ಇಳಿಜಾರು ಹಿಡಿದಿರುವುದರಿಂದ ಹಿಂದಿನದು ನೆತ್ತಿಯನ್ನು ಹೆಚ್ಚು ವೇಗದಲ್ಲಿ ದಾಟುತ್ತದೆ. ಮುಂದೆ ಹಿತವಾಗಿದ್ದ ಗುಡ್ಡವೇ ಹಿಂದೆ ಕೂತವರನ್ನು ಸೀಟಿನಿಂದ ಕಿತ್ತೆಸೆಯುವಂತಿರಬಹುದು.

ಇಷ್ಟು ಕೈಗೆ ಹತ್ತಿದ ಮೇಲೆ ವಂಡರ್‌ಲಾದ ರಿಕಾಯಿಲ್ ಮಾದರಿಯದನ್ನು ಪ್ರಯತ್ನಿಸಬಹುದು. ಅದರಲ್ಲಿ ಗಾಡಿ ಹೋದ ಹಳಿಯಲ್ಲೇ ಹಿಮ್ಮುಖವಾಗಿ ವಾಪಸಾಗುತ್ತದೆ. ಅಂದರೆ ಪ್ರತಿ ತಿರುವಿನ ಕೊನೆಯೂ ಒಂದು ಆರಂಭವೇ, ಎರಡೂ ತುದಿ ಅಷ್ಟೇ ನಯವಾಗಿರಬೇಕು. ಓರೆಯನ್ನಂತೂ ಎರಡು ಬೇರೆ ಬೇರೆ ವೇಗಗಳ ನಡುವೆ ಎಲ್ಲೋ ಹೊಂದಿಸಬೇಕಾಗುತ್ತದೆ.